ಎರಡಾಳೆತ್ತರ

ನೀರನ್ನು ಅದು ನೆಲ ಅಂದುಕೊಳ್ಳುತ್ತದೆ.
ಹೊಟ್ಟೆಯಡಿಯ ಎರಡು ಕಣ್ಣು
ಕಲ್ಲು, ಹುಲ್ಲು, ಹೆಂಚು ಎಲ್ಲ ಬಲ್ಲವು;
ಅಲೆ ಸರಿದರೆ ಮಾತ್ರ ತಾನೇ ಸರಿದೆನೆಂದು ಬೆದರಿ
ನಿಂತಲ್ಲೇ ಇದ್ದೇನೆ ಎನ್ನುತ್ತಲೇ
ಗೇಣುಗೇಣಾಗಿ ಇಳಿಯುತ್ತದೆ.

ಮೊದಲನೆಯದು ಹಾಗೇ ಹೋಯಿತು,
ಬೇತಮಂಗಲದ ಕೆರೆ ನಡುವೆ.
ಫೋನಿನಲ್ಲಿ ಕೊನೆಗೆ ಕಂಡದ್ದು
ಅದರದೇ ನೆರಳು, ಕೆಳಗಿನಿಂದ
ನೆಂಟನ ಹಾಗೆ ಎದುರುಗೊಳ್ಳಲು ಬರುತ್ತಿತ್ತು.
ಇನ್ನೂ ಒಂಬತ್ತು ಕಂತು ಬಾಕಿ.

ಇಪ್ಪತ್ತನೇ ದಿನ ಗಂಗುಲಪ್ಪನ ಬಲೆಗೆ ಬಿತ್ತು.
ಏರಿಯ ಮೇಲೆ ಜಿಲೇಬಿ ಮೀನಿನ ಜೊತೆ ಸುರಿದು
"ಇದು ಕಿಲೋ ಎಷ್ಟಮ್ಮ?" ಅಂದ.
ನಕ್ಕವರಲ್ಲಿ ನಾನೂ ಒಬ್ಬಳು.
ಬೀಡಿ ಹಚ್ಚಿಕೊಂಡು, ಆಮೇಲೆ:
"ನೀರನ್ನ ಮೇಲಿಂದ ನೋಡಿ ಅಳೆಯೋನು
ಇನ್ನೂ ಹುಟ್ಟಿಲ್ಲ. ನಾವು ಗಳ ಇಳಿಸಿ ನೋಡ್ತೀವಿ."

ಈಗ ಎರಡಾಳೆತ್ತರಕ್ಕಿಂತ ಕೆಳಗೆ ತರುವುದಿಲ್ಲ,
ಮದುವೆಯವರು ಎಷ್ಟೇ ಗೋಗರೆಯಲಿ.
ತೂಬಿನ ಕಲ್ಲಿನಿಂದ ಬಿಟ್ಟು ಅಲ್ಲಿಗೇ ಕರೆಯುತ್ತೇನೆ.
ಅರ್ಧ ಚಾರ್ಜಿಗೇ ವಾಪಸು:
ಹೋಗುವಾಗ ಬೆನ್ನು ತಟ್ಟಿದ ಗಾಳಿ
ಬರುವಾಗ ಎದೆಗೆ ನಿಲ್ಲುತ್ತದೆ.
ಗರುಡ ಬಂದರೆ ಮೇಲಕ್ಕೆ, ನೆಟ್ಟಗೆ ಮೇಲಕ್ಕೆ,
ಆಮೇಲೆ ದಡಕ್ಕೆ. ಕೆರೆ ಅದರದು, ತಕರಾರಿಲ್ಲ.

ಹಳೆಯದರ ಕಾರ್ಡನ್ನು ಅಕ್ಕಿ ಡಬ್ಬಿಯಲ್ಲಿ ಒಣಗಿಸಿ
ನಿನ್ನೆ ರಾತ್ರಿ ಹಾಕಿ ನೋಡಿದೆ.
ಮುಳುಗುವ ಮುಂಚಿನ ಮೂರು ನಿಮಿಷ ಉಳಿದಿತ್ತು:
ಮಿರುಗುವ ನೀರು, ಒಂದು ತೆಪ್ಪ,
ತೆಪ್ಪದಲ್ಲಿ ಒಬ್ಬ ತಲೆಯೆತ್ತಿ
ಎರಡೂ ಅಂಗೈ ಆಕಾಶಕ್ಕೆ ಮಾಡಿ
ಎತ್ತುತ್ತಿದ್ದಾನೆ, ಮತ್ತೆ ಎತ್ತುತ್ತಿದ್ದಾನೆ.

ಅವತ್ತು ನಾನು
ಟಾಟಾ ಅಂದುಕೊಂಡು
ದಡದಿಂದ ಕೈ ಬೀಸಿದ್ದೆ.