ಕೈಗೆ ಹಗುರವಾಗಿತ್ತು

ಸುಳ್ಳು ಯಾಕೆ, ಮೊದಲ ವಾರ
ಕೈಗೆ ಹಗುರವಾಗಿತ್ತು.

ಪ್ರುತ್ ಹೊಳೆಯ ಬದಿಗೆ ನಮ್ಮೂರು,
ಕರೆಯುವ ಬಾಯಿಗೊಂದು ಹೆಸರು.
ರೋಜಾ ಟಿಟ್ಟಿಂಗರಳ ಅಚ್ಚುಕೂಟದ ಗೋಡೆಯುದ್ದ
ಮೊಳೆಪೆಟ್ಟಿಗೆ ಮೇಲೆ ಮೊಳೆಪೆಟ್ಟಿಗೆ:
ಮೂಳೆ ಮುರಿದ ಹಾಗೆ ನಿಲ್ಲುವ ಜರ್ಮನ್,
ಬಾಲ ಬಿಟ್ಟ ಎಸ್ಸು, ಟೋಪಿ ಇಟ್ಟ ಎ, ಅದು ರುಮೇನಿಯನ್,
ಮೈಮೇಲೆ ಅಡ್ಡಗೆರೆ ಎಳೆಸಿಕೊಂಡ ಪೋಲಿಷ್ ಎಲ್ಲು,
ಎರಡು ಚುಕ್ಕಿ ಹೊತ್ತ ಉಕ್ರೇನಿಯನ್ ಐ;
ಕಿಟಕಿಯ ಪಕ್ಕ ಮುದುಕ ಲೈಜರನ ಯಿದ್ದಿಶ್,
ಎಲ್ಲರೂ ಹೋಗುವ ದಾರಿಯಲ್ಲಿ ಎದುರಿನಿಂದ ಬರುವುದು.
‘ಸೀಸದಲ್ಲಿ ಎಲ್ಲರೂ ತಲೆಕೆಳಗೇ ಕಣೋ’
ಅನ್ನುತ್ತಿದ್ದ ಅವನು, ನನಗೆ ಓದಲು ಕಲಿಸುತ್ತ.

ಒಂದು ಮದುವೆ ಕರೆಯೋಲೆಗೆ ನಾಲ್ಕು ಪೆಟ್ಟಿಗೆ ಸುತ್ತಬೇಕು.
ಹುಡುಗಿಯ ಅಪ್ಪನಿಗೊಂದು ಲಿಪಿ, ಹುಡುಗನ ಅಜ್ಜಿಗೊಂದು,
ಪಾದ್ರಿಗೊಂದು, ಸಾಲ ಕೊಟ್ಟವನಿಗೆ ಮತ್ತೊಂದು.
ಎಲ್ಲೋ ಒಂದು ಬಾಲ ತಪ್ಪಿದರೆ
ಮದುಮಗಳ ಹೆಸರಿಗೆ ಬೇರೆಯದೇ ಅರ್ಥ ಬಂದು
ಎರಡೂ ಮನೆಯವರು ನಮ್ಮ ಬಾಗಿಲಲ್ಲಿ.
ಸಂಜೆಗೆ ಕಾಲು ಮರ. ಮನೆಯಲ್ಲಿ
ಅರ್ಮೇನಿಯನ್ ಅಜ್ಜಿ ಬೈಯುತ್ತಿದ್ದಳು,
ನನಗೆ ಅರ್ಧವೇ ತಿಳಿಯುವ ಮಾತಿನಲ್ಲಿ.

ಆಮೇಲೆ ಸಾವೆಸ್ಕು ಬಂದ, ಹೊಸ ಅಧಿಕಾರಿ.
ಕಿರುಚಲಿಲ್ಲ. ನನ್ನ ಊದಿದ ಕಾಲು ನೋಡಿ ಕೇಳಿದ:
‘ಆಯಾಸವಾಗುವುದಿಲ್ಲವೇನಯ್ಯಾ?’
ಇಪ್ಪತ್ತು ವರ್ಷದಲ್ಲಿ ಯಾರೂ ಕೇಳಿರಲಿಲ್ಲ.
‘ಒಂದು ನಾಡು, ಒಂದು ಪೆಟ್ಟಿಗೆ’ ಅಂದ.
ನನ್ನ ಕಾಲುನೋವಿಗೂ ದೇಶಕ್ಕೂ
ಒಂದೇ ಮದ್ದು!

ನೆಲಮಾಳಿಗೆಗೆ ನಾವೇ ಹೊತ್ತೆವು ಉಳಿದವನ್ನು,
ಲೈಜರ್ ಹಿಂದೆ, ನಾನು ಮುಂದೆ.
ಆ ವಾರ ಹೊತ್ತಿರುವಾಗಲೇ ಮನೆ ಸೇರಿದೆ.
ಪ್ಲಮ್ ಹಣ್ಣಿನ ಸಾರಾಯಿ ಒಂದು ಗುಟುಕು.
ಬೀದಿಯಲ್ಲಿ ಹಸಿರಂಗಿಯ ಹುಡುಗರು
ಒಂದೇ ಹೆಜ್ಜೆ, ಒಂದೇ ಹಾಡು, ಹೋಗುತ್ತಿದ್ದರು;
ಮೇಜಿನ ಕೆಳಗೆ ನನ್ನ ಊದಿದ ಕಾಲು ತಾಳ ಹಾಕಿತು.
ನಾನು ತಡೆಯಲಿಲ್ಲ.
ಎಷ್ಟು ಚೆಂದ, ಯೋಚಿಸಬೇಕಿಲ್ಲದ್ದು!
ಬಗೆಹರಿಯದ ಲೆಕ್ಕವನ್ನು ಬಳಪದ ಸಮೇತ
ಯಾರೋ ಕಿತ್ತುಕೊಂಡ ಹಾಗೆ.

ಕೆಲಸ ಮಾತ್ರ ಕಡಿಮೆಯಾಗಲಿಲ್ಲ.
ಮದುವೆಯ ಓಲೆ ನಿಂತವು, ಪಟ್ಟಿಗಳು ಬಂದವು.
ಯಾರು ಇಲ್ಲಿಯವರು, ಯಾರು ಅಲ್ಲ,
ಯಾರ ಕಾಗದ ಸಾಲದು, ಯಾರ ಅಂಗಡಿ ಇನ್ನು ಯಾರದು.
ಪೆಟ್ಟಿಗೆಯಲ್ಲಿಲ್ಲದ ಅಕ್ಷರಗಳನ್ನು
ಹತ್ತಿರದ ಅಕ್ಷರಕ್ಕೆ ಒಗ್ಗಿಸಿ, ಉಗುರು ಕತ್ತರಿಸುವ ಹಾಗೆ,
ಹೆಸರುಗಳನ್ನು ಸಮ ಮಾಡಿದೆ. ಆಮೇಲೆ ಅವೇ ಹೆಸರುಗಳು
ತೆಗೆದುಹಾಕುವುದಕ್ಕೆ ಸಲೀಸಾದವು.

ಮಾಘದ ಚಳಿಯಂಥ ಚಳಿ, ಒಂದು ರಾತ್ರಿ.
ಪಟ್ಟಿ ಬೆಳಗಿಗೆ ಬೇಕು. ಮುನ್ನೂರು ಹೆಸರು ದಾಟಿರಬೇಕು,
ಕೈ ಹಾಕಿದರೆ ಮನೆ ಖಾಲಿ:
ಅಲ್ಪವಿರಾಮ ಮುಗಿದಿತ್ತು.

ಒಂದೇ ಪೆಟ್ಟಿಗೆಯ ನಾಡಿಗೆ
ಅಷ್ಟು ಜನರ ನಡುವೆ ಇಡುವಷ್ಟು
ಚಿಕ್ಕ ಗುರುತುಗಳು ಇರಲಿಲ್ಲ.

ಬಿರುಗಾಳಿಗೆ ಹೆದರಿ ಮನೆಗೆ ಹೋಗದೆ
ಒಲೆಯ ಹತ್ತಿರ ಕೂತಿದ್ದ ಲೈಜರ್ ಎದ್ದ.
ನನ್ನ ಕಲ್ಲುಮೇಜಿನ ಮೇಲಿನ ಸೀಸವನ್ನು
ತಲೆಕೆಳಗಾಗಿ, ತಿರುಗುಮುರುಗಾಗಿ,
ಅಭ್ಯಾಸದಂತೆ ಒಮ್ಮೆ ಓದಿದ. ಕೊನೆಯ ಸಾಲಿನ ತನಕ.
ಏನೂ ಹೇಳಲಿಲ್ಲ.
ಕಂದೀಲು ಹಿಡಿದು ಮೆಟ್ಟಿಲಿಳಿದ.
ಧೂಳು ಒರೆಸಿ ತನ್ನ ಪೆಟ್ಟಿಗೆ ತೆಗೆದ.

‘ಎಷ್ಟು ಬೇಕು?’ ಅಂದ.

ನನ್ನ ಬಾಯಿ ಏಳಲಿಲ್ಲ.

‘ಎಡಗಡೆ, ಮೂರನೆಯ ಮನೆ,’ ಅಂದ,
‘ನೀನೇ ಎಣಿಸಿಕೋ. ನನಗೆ ಈ ಬೆಳಕಿನಲ್ಲಿ ಕಾಣುವುದಿಲ್ಲ.’