ಹದಿನಾಲ್ಕನೇ ಕೋಣೆಯ ಕೆಂಪು ದೀಪ

ಟೊಲೀಡೊ ಊರಾಚೆಯ ಮೋಟೆಲಿನಲ್ಲಿ
ರಾತ್ರಿ ಪಾಳಿ ನನ್ನದು.
ಸ್ವಿಚ್‌ಬೋರ್ಡಿನಲ್ಲಿ ಹದಿನಾಲ್ಕರ ಕೆಂಪು ದೀಪ
ಆರಿದರೂ ಮತ್ತೆ ಹೊತ್ತುತ್ತಿತ್ತು.

ಮಾರ್ಲೀನ್ ಹ್ರುಸ್ಕಾ, ಒಮಾಹಾದವಳು,
ಮತ ಎಣಿಸುವ ಯಂತ್ರ ಮಾರುವವಳು.
ಟವೆಲು ಕೊಡಲು ಹೋದಾಗ ಕಂಡೆ:
ಮಂಡಿಯೂರಿ, ಮಂಚದ ಹಿಂದಿನ ಫೋನಿನ ತಂತಿ ಕಿತ್ತು
ಲ್ಯಾಪ್‌ಟಾಪಿಗೆ ಸಿಕ್ಕಿಸುತ್ತಿದ್ದಳು.
ಮೋಡೆಮ್ಮು ಗಂಟಲು ಕೆರೆದು, ಕಿರುಚಿ, ಸುಮ್ಮನಾಯಿತು.
ಪರದೆಗೆ ಮೊದಲು ಇಳಿದದ್ದು ಅಭ್ಯರ್ಥಿಯ ಕೂದಲು,
ಬಹಳ ಹೊತ್ತಿಗೆ ಹಣೆ.
ಬಾಯಿ ಬರುವ ಮುನ್ನ ಲೈನು ಸತ್ತಿತು.
‘ಅಷ್ಟಾದರೂ ಪುಣ್ಯ’ ಅಂದಳು.

ಅವಳ ಗಂಡ ನಾಲ್ಕು ಸಲ ಫೋನು ಮಾಡಿದ.
ಬಿಜಿ ಇದೆ, ಬಿಜಿ ಇದೆ ಅಂದೆ.
ಕೊನೆಗೆ ನನ್ನನ್ನೇ ಕೇಳಿದ:
ಯಾರು ಗೆದ್ದರಂತೆ?
ಇನ್ನೂ ಎಣಿಸುತ್ತಿದ್ದಾರೆ.

ಬೆಳಗ್ಗೆ ಬಿಲ್ಲು. ಸ್ಥಳೀಯ ಕರೆ ಏಳು,
ಒಂದಕ್ಕೆ ಐವತ್ತು ಸೆಂಟು.
ಚಿಲ್ಲರೆಗೆಂದು ಚೀಲ ತಡಕಿದಳು,
ಚಾರ್ಜರು, ಬೋರ್ಡಿಂಗ್ ಪಾಸುಗಳ ಕಂತೆ,
ಅದರ ನಡುವೆ ಮೂಲೆ ಮುದುರಿದ ಲಕೋಟೆ:
ಅವಳದೇ ಅಂಚೆಮತ.
ಹನ್ನೊಂದು ವಿಮಾನ ನಿಲ್ದಾಣ ಸುತ್ತಿದ್ದು.

‘ಸ್ಟಾಂಪಿದೆಯಾ?’

ಮತದಾನ ಮುಗಿದು ಎರಡು ದಿನ.
ಇಬ್ಬರಿಗೂ ಗೊತ್ತಿತ್ತು.
ಡ್ರಾಯರಿನಿಂದ ಮೂವತ್ತಮೂರು ಸೆಂಟಿನದೊಂದು ಕೊಟ್ಟೆ.
ನಾಲಿಗೆಗೆ ತಾಗಿಸಿ, ಹೆಬ್ಬೆರಳಲ್ಲಿ ಒತ್ತಿ,
ನೆಟ್ಟಗೆ ಕೂತಿದೆಯೇ ಎಂದು
ಎರಡು ಸಲ ನೋಡಿದಳು.