ಗ್ರಾಹಕರ ಪ್ರಕಾರ

ಶಿಡ್ಲಘಟ್ಟದಿಂದ ಚಿಕ್ಕಬಳ್ಳಾಪುರದ ತನಕ
ದಾರಿಯುದ್ದಕ್ಕೂ ಬೇಡಿಕೊಂಡೆ:
ಇವತ್ತಾದರೂ ನಿಲ್ಲು, ಅವರ ಬಾಗಿಲಲ್ಲಿ ನಿಲ್ಲು,
ಅವರ ಕಣ್ಣೆದುರು ನಿಲ್ಲು.
ತನ್ನ ಕಾರು ಕೆಡಲೆಂದು ಮುರುಗಮಲ್ಲದ ದರ್ಗಾಕ್ಕೆ
ಹರಕೆ ಹೊತ್ತವಳು ನಾನೊಬ್ಬಳೇ ಇರಬೇಕು.
ನಿಲ್ಲಲಿಲ್ಲ.
ಹಾಲು ಕುಡಿದ ಬೆಕ್ಕಿನ ಹಾಗೆ ಗುರುಗುಟ್ಟುತ್ತಾ
ಶೋರೂಮಿನ ಏರು ಹತ್ತಿ ನಿಂತಿತು,
ಡಾಕ್ಟರ ಬೆಂಚು ಮುಟ್ಟಿದ ಕೂಡಲೇ
ಜ್ವರ ಬಿಟ್ಟು ಬಿಸ್ಕತ್ತು ಕೇಳುವ ಮಗು.

ಕೊರಳಲ್ಲಿ ನೀಲಿ ಪಟ್ಟಿಯ ಹುಡುಗ, ಲಿಖಿತ್,
ಸ್ಟೇರಿಂಗ್ ಕೆಳಗೆ ವೈರು ಚುಚ್ಚಿ ಲ್ಯಾಪ್‌ಟಾಪ್ ನೋಡಿದ.
‘ಕೋಡೇ ಬಂದಿಲ್ಲ ಮೇಡಂ.
ಕೋಡಿಲ್ಲ ಅಂದ್ರೆ ಕಂಪ್ಲೇಂಟಿಲ್ಲ.’
ಹೋದ ಸಲ ಅಂದಿದ್ದ, ಪೆಟ್ರೋಲ್ ಸರಿಯಿಲ್ಲ.
ಅದಕ್ಕೂ ಮುಂಚೆ, ಕ್ಲಚ್ ಮೇಲೆ ಕಾಲಿಡ್ತೀರೇನೋ.
ಒಮ್ಮೆ ನಗುತ್ತಾ, ಮನೆಯವರನ್ನ ಕಳಿಸಿ ನೋಡೋಣ.
ಮನೆಯವರಿಗೆ ಸೈಕಲ್ ಬಿಟ್ಟರೆ ಬೇರೆ ಬರುವುದಿಲ್ಲ ಮಗಾ,
ಅವರು ಹಿಂದಿನ ಸೀಟಲ್ಲಿ
ಗೂಡಿನ ಮೂಟೆ ಅಪ್ಪಿಕೊಂಡು ಕೂರುವವರು.

ನನ್ನ ಕಸುಬು ರೀಲಿಂಗು.
ಇಪ್ಪತ್ತೆಂಟು ವರ್ಷ ಬಿಸಿನೀರಲ್ಲಿ ಬೆರಳದ್ದಿದ್ದೇನೆ.
ಎಂಟು ಗೂಡಿನ ಎಳೆ ಸೇರಿ ಒಂದು ನೂಲು;
ಒಂದು ಕಡಿದರೆ ಉಳಿದ ಏಳು
ಏನೂ ಆಗದ ಹಾಗೆ ಓಡುತ್ತಲೇ ಇರುತ್ತವೆ.
ಕಡಿದದ್ದು ಬೆರಳಿಗೆ ಗೊತ್ತಾಗುತ್ತದೆ.
ಹೇಗೆ ಅಂದರೆ ಬಾಯಿಗೆ ಬರುವುದಿಲ್ಲ.
ಇದೂ ಹಾಗೇ. ನಿಲ್ಲುವ ಮುಂಚೆ ಪೆಡಲ್ಲು
ಒಂದು ಗಳಿಗೆ ಹಗುರಾಗುತ್ತದೆ,
ಆಮೇಲೆ ದೀಪಗಳೆಲ್ಲ ಒಟ್ಟಿಗೆ ಹತ್ತಿ
ಸದ್ದಡಗುತ್ತದೆ.
ರೈಲ್ವೆ ಗೇಟಿನ ಹಳಿ ಮೇಲೆ ಒಮ್ಮೆ.
ಗೂಡಿನ ಹರಾಜಿಗೆ ಹತ್ತು ನಿಮಿಷ ಇದ್ದಾಗ ಒಮ್ಮೆ,
ಹಿಂದಿದ್ದ ಲಾರಿಯವನು
ತೀರಿಹೋದ ನಮ್ಮಮ್ಮನನ್ನು ಎಬ್ಬಿಸಿ ಬೈದ.

ಜಾಬ್ ಕಾರ್ಡಿನಲ್ಲಿ ಐದೂ ಸಲ ಅದೇ ಸಾಲು:
ಗ್ರಾಹಕರ ಪ್ರಕಾರ ಗಾಡಿ ನಿಲ್ಲುತ್ತದೆ.
ದೋಷ ಕಂಡುಬಂದಿಲ್ಲ.
ನನ್ನ ಪ್ರಕಾರ!
ನನ್ನ ಪ್ರಕಾರ ನನಗೆ ಐವತ್ತೊಂದು ವರ್ಷ,
ನನ್ನ ಪ್ರಕಾರ ಈಗ ಹಗಲು.
ನನ್ನ ನೂಲಲ್ಲಿ ಗಂಟು ಸಿಕ್ಕರೆ ಖರೀದಿದಾರ
ಕಿಲೋಗೆ ನೂರು ಹಿಡಿಯುತ್ತಾನೆ.
ಕಂಡುಬಂದಿಲ್ಲ ಅಂತ ಬರೆದುಕೊಡಲು
ನನ್ನ ಹತ್ತಿರ ಯಾವ ಕಾರ್ಡೂ ಇಲ್ಲ.

ಗಾಡಿ ತೊಳೆದು ಕೊಟ್ಟರು. ಅದೊಂದು ಚೆನ್ನಾಗಿ ಮಾಡುತ್ತಾರೆ.
‘ಕಂಪನಿಯಿಂದ ಫೋನ್ ಬರತ್ತೆ ಮೇಡಂ,
ದಯವಿಟ್ಟು ಹತ್ತಕ್ಕೆ ಹತ್ತು ಅನ್ನಿ,
ಒಂಬತ್ತು ಅಂದ್ರೂ ನನ್ನ ಸಂಬಳದಲ್ಲಿ ಹಿಡೀತಾರೆ.’
ಬಾಯಿಗೆ ಬಂದ ಬೈಗುಳ ನುಂಗಿದೆ.
ಇವನಿಗೂ ಒಬ್ಬ ಖರೀದಿದಾರ.

ಕೀ ಮಾತ್ರ ಇಸಕೊಳ್ಳಲಿಲ್ಲ.
‘ಯಾರಾದರೂ ನನ್ನ ಪಕ್ಕ ಕೂತ್ಕೊಳ್ಳಿ. ನಿಲ್ಲೋ ತನಕ.’
ಬುತ್ತಿ ಬಿಚ್ಚಿದ್ದ ಪಿಳ್ಳಪ್ಪನನ್ನು ಎಬ್ಬಿಸಿದರು.
ಉಂಗುರದ ಬೆರಳಿಗೆ ತುದಿಯಿಲ್ಲದ ಮುದುಕ,
ಕೈ ಒರೆಸಿಕೊಂಡು ಸುಮ್ಮನೆ ಬಂದು ಕೂತ.
ಮಂಚನಬಲೆ ತನಕ ಹೋದೆವು, ಬಂದೆವು. ಮತ್ತೆ ಹೋದೆವು.
ದ್ರಾಕ್ಷಿ ಚಪ್ಪರ, ಹಿಪ್ಪುನೇರಳೆ, ಮತ್ತದೇ ದ್ರಾಕ್ಷಿ ಚಪ್ಪರ.
ಮೂರನೇ ಸುತ್ತಿಗೆ ನನಗೇ ನಾಚಿಕೆಯಾಗಿ
ಊಟಕ್ಕೆ ಬಿಡ್ತೀನಿ ಅನ್ನುವಷ್ಟರಲ್ಲಿ
ಪಾದದ ಕೆಳಗೆ ಎಳೆ ಕಡಿಯಿತು.

ದೀಪಗಳು. ಮೌನ.
ಪಿಳ್ಳಪ್ಪ ಇಳಿದು, ಬಾನೆಟ್ ಎತ್ತಿ,
ಸತ್ತ ಇಂಜಿನ್ನಿಗೆ ಕಿವಿ ಕೊಟ್ಟ.
‘ಐತೆ ಕಣಮ್ಮಾ,’ ಅಂದ. ‘ಐತೆ. ನಾನು ಕಂಡೆ.’
ನಡುರಸ್ತೆಯಲ್ಲಿ ಕೆಟ್ಟು ನಿಂತು
ನಾವಿಬ್ಬರೂ ನಕ್ಕದ್ದನ್ನು
ಹಾಲಿನ ಕ್ಯಾನಿನ ಸ್ಕೂಟರಿನವನು ತಿರುತಿರುಗಿ ನೋಡಿದ.

ಲಿಖಿತನಿಗೆ ಫೋನು ಹೋಗುವುದರೊಳಗೆ ಗಾಡಿ ಚಾಲೂ.
ವೈರು ಚುಚ್ಚಿದರೆ ಮತ್ತೆ ಕೋಡಿಲ್ಲ.
‘ಸಿಸ್ಟಮ್ ಒಪ್ಪಲ್ಲ ಪಿಳ್ಳಪ್ಪಣ್ಣ.’
ಪಿಳ್ಳಪ್ಪ ಹುಡುಗನ ಜೇಬಿನ ಪೆನ್ನು ಕಿತ್ತು
ಹಳದಿ ಹಾಳೆಯ ಮೇಲೆ, ಗ್ರೀಸಿನ ಹೆಬ್ಬೆಟ್ಟಿನ ಪಕ್ಕ,
ಅಕ್ಷರ ಅಕ್ಷರ ಕೂಡಿಸಿ ಬರೆದ:
ಪಿಳ್ಳಪ್ಪನ ಪ್ರಕಾರಾನೂ.

ಗಾಡಿ ರಿಪೇರಿಯಾಗಿಲ್ಲ.
ಹಾಳೆ ಡ್ಯಾಶ್‌ಬೋರ್ಡಿನ ಮೇಲಿದೆ,
ಬಿಸಿಲಿಗೆ ಮಾಸುವ ಮುಂಚೆ
ಆರನೇ ಸಲ ಹೋಗಬೇಕು.